ಕಾರ್ಖಾನೆ ಅಂಗಳದ ಸಾರು

ಮಾಕ್‌ಸುನ್‌ಗೆ ದನಿ ಇರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಪಿಸುಮಾತಷ್ಟೇ ಉಳಿದಿತ್ತು. ಷೇರುದಾರರ ಸಭೆ ಯಾಕೆ ಶುರುವಾಗಿಲ್ಲ ಎಂದು ಕೇಳಲು ಮೈಕಿಗೆ ಕೈ ಚಾಚಿದರೆ ಕಂಪನಿಯವನು ಅದನ್ನು ಬೆನ್ನ ಹಿಂದೆ ಮರೆಮಾಡಿದ.

ಊರಾಚೆಯ ಬ್ಯಾಟರಿ ಮುಚ್ಚಳದ ಕಾರ್ಖಾನೆಯಲ್ಲಿ ಒಂಬತ್ತಕ್ಕೆ ಸಭೆ ಎಂದಿದ್ದರು. ಕಾಗದಪತ್ರ ಪರಿಶೀಲಿಸುತ್ತಿದ್ದೇವೆ ಎನ್ನುತ್ತಲೇ ಮಧ್ಯಾಹ್ನ ಮಾಡಿದರು. ಹೋದ ವರ್ಷವೂ ಹೀಗೇ. ಸಣ್ಣ ಷೇರುದಾರರು ಹಸಿದು ಬಸ್ಸು ಹತ್ತಿದ ಮೇಲೆ ಸಭೆ ನಡೆಸಿ ಮುಗಿಸಿದ್ದರು. ಅದಕ್ಕೇ ಈ ಸಲ ಮಾಕ್‌ಸುನ್ ತನ್ನ ಊಟದ ಅಂಗಡಿ ಮುಚ್ಚಿ, ಹಂದಿಮೂಳೆ ಸಾರಿನ ಕಡಾಯಿಯನ್ನೇ ಟ್ರಕ್ಕಿನಲ್ಲಿ ತಂದಿದ್ದಳು.

ಕಂಪನಿ ಒಂದು ಹಣಕಾಸು ಸಂಸ್ಥೆಯಿಂದ ಸಾಲ ತಂದಿತ್ತು. ಸಂಸ್ಥೆ ಆ ಸಾಲವನ್ನು ಷೇರಾಗಿ ಬದಲಾಯಿಸಿಕೊಳ್ಳಬಹುದು. ಪೇಟೆಯಲ್ಲಿ ಬೆಲೆ ಬಿದ್ದರೆ ಬದಲಾಯಿಸುವ ದರವೂ ಇಳಿಯುತ್ತದೆ, ಅದೇ ಸಾಲಕ್ಕೆ ಹೆಚ್ಚು ಷೇರು ಸಿಗುತ್ತದೆ, ಉಳಿದವರ ಪಾಲು ತೆಳ್ಳಗಾಗುತ್ತದೆ. ದರ ಮೊದಲಿನದರ ಶೇಕಡಾ ಎಪ್ಪತ್ತಕ್ಕಿಂತ ಕೆಳಗೆ ಹೋಗದಂತೆ ಒಂದು ತಡೆಯಿತ್ತು. ಅದನ್ನು ಕೀಳಲು ಇವತ್ತು ಮತ. ಮೂರರಲ್ಲಿ ಎರಡು ಪಾಲು ಮತ ಪರವಾಗಿ ಬಿದ್ದರೆ ಸಾಕು. ಗಂಡ ಸತ್ತಾಗ ಬಂದ ಹಣವನ್ನೆಲ್ಲ ಮಾಕ್‌ಸುನ್ ಈ ಷೇರಿಗೇ ಹಾಕಿದ್ದಳು.

"ಯಾರೂ ಎದ್ದು ಹೋಗ್ಬೇಡ್ರಪ್ಪಾ! ನಮ್ಮಕ್ಕ ಬೈಯಲ್ಲ, ಸೌಟಲ್ಲೇ ಬಾರಿಸ್ತಾಳೆ!" ಎಂದು ಕೂಗಿದ ಟಾಕ್. ಅವನು ನಿವೃತ್ತ ಬಸ್ ಡ್ರೈವರ್, ಅವನದೂ ಷೇರಿತ್ತು.

ವಾಸನೆಗೆ ಕಾರ್ಖಾನೆಯ ಕೆಲಸದವರೂ ಬಂದರು. ಮುಂದೆ ಇದ್ದವಳು ಜುರಾನ್.

"ಚಿಕ್ಕಮ್ಮಾ, ನಮಗೂ ಇದೆಯಾ?"

"ನಿಮ್ ಸೂಪರ್‌ವೈಸರ್ ನೋಡಿದ್ರೆ?" ಎಂದ ಟಾಕ್.

"ನೋಡ್ಲಿ ಬಿಡಿ. ನನ್ ಹಿಂದೇನೇ ನಿಂತಿದ್ದಾರೆ."

"ನಿಂಗೂ ಬೋನಸ್ ಬದ್ಲು ಷೇರು ಕೊಟ್ಟಿದ್ರಲ್ವಾ? ಬಂದು ಮತ ಹಾಕು."

"ನಿಮ್ ಪರವಾಗಿ ನಾವೇ ಹಾಕ್ತೀವಿ ಅಂತ ಕಂಪನಿಯೋರು ಬೆಳಿಗ್ಗೆನೇ ಸಹಿ ತಗೊಂಡ್ರು ಅಣ್ಣಾ. ಯಾವ್ದೋ ದರ ಇಳಿಯುತ್ತಂತೆ. ನಂಗೇನ್ ಗೊತ್ತು?"

ಮಾಕ್‌ಸುನ್ ನೀರಿನ ಕೆಟಲ್ ಎತ್ತಿ ಜುರಾನಳ ಬಟ್ಟಲಿನ ಮೇಲೆ ಬಗ್ಗಿಸಿದಳು. ಜುರಾನ್ ಥಟ್ಟನೆ ಅಂಗೈ ಅಡ್ಡ ಹಿಡಿದಳು.

"ಅಯ್ಯೋ ಚಿಕ್ಕಮ್ಮಾ! ಸಾರೆಲ್ಲ ಕೆಡುತ್ತೆ!"

"ಇದೇ ಆ ದರ," ಮಾಕ್‌ಸುನ್ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಸಾಲ ಕೊಟ್ಟೋರಿಗೆ ಬಡಿಸೋಕೆ ನಿನ್ ಬಟ್ಲಿಗೆ ನೀರು. ನೀನೇ ಒಳಗ್ ಬಂದು ಕೂತ್ರೆ ಆ ಸಹಿ ನಡೆಯಲ್ಲ."

"ಕೆಲ್ಸ ಹೋದ್ರೆ?"

ಮಾಕ್‌ಸುನ್ ಸುಳ್ಳು ಹೇಳಲಿಲ್ಲ. "ಹೋಗ್ಬಹುದು."

ಸಭೆ ಶುರುವಾದದ್ದು ಮೂರಕ್ಕೆ. ಸಣ್ಣ ಷೇರುದಾರರಲ್ಲಿ ಒಬ್ಬರೂ ಕದಲಿರಲಿಲ್ಲ. ಹಿಂದಿನ ಸಾಲಿನಲ್ಲಿ ಜುರಾನ್ ಬಂದು ಕೂತಳು. ಅವಳ ಪಕ್ಕಕ್ಕೆ ಒಂದೊಂದೇ ನೀಲಿ ಯೂನಿಫಾರ್ಮ್. ಎಣಿಸಿದಾಗ ತಡೆ ಕೀಳುವ ಪರವಾಗಿ ಬಿದ್ದದ್ದು ನೂರಕ್ಕೆ ಅರವತ್ತೆರಡು, ಮೂರರಲ್ಲಿ ಎರಡು ಪಾಲಿಗೆ ಕಡಿಮೆ. ಅಧ್ಯಕ್ಷರು ಚೀಟಿಯನ್ನು ಎರಡು ಸಲ ಓದಿಕೊಂಡು, ತಡೆ ಹಾಗೇ ಇರುತ್ತದೆ ಎಂದರು.

"ಗೆದ್ವಲ್ಲ ಅಕ್ಕಾ, ಸ್ವಲ್ಪ ನಗು!" ಎಂದ ಟಾಕ್. ಮಾಕ್‌ಸುನ್ ತೊಳೆದ ಚಮಚಗಳನ್ನು ಎಣಿಸುತ್ತಿದ್ದಳು. ನಾಲ್ಕು ಕಡಿಮೆ.

ಮುಂದಿನ ವಾರ ಜುರಾನ್ ಅಂಗಡಿಗೆ ಬಂದಳು, ಯೂನಿಫಾರ್ಮ್ ಇಲ್ಲದೆ.

"ಒಂದು ನನ್ ಜೇಬಲ್ಲೇ ಇತ್ತು ಚಿಕ್ಕಮ್ಮಾ," ಎಂದು ಚಮಚ ಮೇಜಿನ ಮೇಲಿಟ್ಟಳು.

ಮಾಕ್‌ಸುನ್ ಮೊಳೆಯಿಂದ ಇನ್ನೊಂದು ಏಪ್ರನ್ ತೆಗೆದು ಅವಳತ್ತ ಚಾಚಿದಳು. ಒಟ್ಟು ಹೋದದ್ದು ಒಂದು ದಿನದ ವ್ಯಾಪಾರ, ಒಂದು ಕೆಲಸ, ಮೂರು ಚಮಚ.