ಮಂಡಿಯಿಂದ ಕೆಳಗೆ

ನಮ್ಮ ಶಾಲೆಯ ಮಕ್ಕಳಿಗೆ ಮನುಷ್ಯನ ಮೂಳೆಗಳು ಮಂಡಿಯವರೆಗೆ ಚೆನ್ನಾಗಿ ಗೊತ್ತು. ಅದರ ಕೆಳಗೆ ಕತ್ತಲೆ. ಗೋಡೆಯ ಮೇಲಿರುವ ಒಂದೇ ಒಂದು ಅಸ್ಥಿಪಂಜರದ ಪಟವನ್ನು ಗೆದ್ದಲು ಪಾದದಿಂದ ಮಂಡಿಯವರೆಗೆ ತಿಂದು, ಯಾಕೋ ಸಾಕೆನಿಸಿ ಬಿಟ್ಟಿದೆ. ಪುಸ್ತಕದಲ್ಲೂ ಚಿತ್ರವಿದೆ, ಹೆಬ್ಬೆರಳಿನ ಉಗುರಿನಷ್ಟು. ಹೋದ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಪೇಟೆಯಿಂದ ಬಂದವರು ಪಾದದ ಮೂಳೆ ಕೇಳಿದಾಗ ಎಲ್ಲ ಮಕ್ಕಳೂ ಒಟ್ಟಿಗೆ ತಮ್ಮ ಕಾಲು ನೋಡಿಕೊಂಡರಂತೆ. ಎಲ್ಲರೂ ಫೇಲು.

ಈ ವರ್ಷದ ಪರೀಕ್ಷೆಗೆ ಒಂದು ದಿನ ಮುಂಚೆ ಹೆಡ್ ಮೇಡಂ ನನ್ನನ್ನು, ಅಂದರೆ ಹೊಸ ವಿಜ್ಞಾನದ ಟೀಚರನ್ನು, ಒಂದು ಅಸ್ಥಿಪಂಜರ ಎರವಲು ತರಲು ಪೇಟೆಯ ಶಾಲೆಗೆ ಅಟ್ಟಿದರು. ಅಪರಿಚಿತರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಅಲ್ಲಿ ನಾಲ್ಕು ಅಸ್ಥಿಪಂಜರಗಳು! ಒಂದರ ಕೈಗೆ ಕೊಡೆಗಳನ್ನು ನೇತುಹಾಕಿದ್ದರು.

"ಇದನ್ನೇ ತಗೊಂಡ್ಹೋಗಿ," ಎಂದರು ಲ್ಯಾಬಿನವರು. "ಎರಡು ಪಕ್ಕೆಲುಬು ಇಲ್ಲ, ನಮ್ಮ ಮಕ್ಕಳಿಗೆ ಆಗಲ್ಲ."

"ಪಕ್ಕೆಲುಬು ನಮ್ಮ ಹತ್ರ ಇದೆ ಸರ್," ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಊರಿಗಿರುವುದು ಮಧ್ಯಾಹ್ನದ ಒಂದೇ ಬಸ್ಸು. ಕಂಡಕ್ಟರ್ ಬಾಗಿಲಿಗೇ ಅಡ್ಡ ನಿಂತ.

"ಏನಮ್ಮಾ, ಯಜಮಾನ್ರು ತುಂಬಾ ಸೊರಗಿದ್ದಾರಲ್ಲ! ಟಾಪ್ ಮೇಲೆ ಹಾಕಿ."

ನಮ್ಮ ರಸ್ತೆ ನನಗೆ ಗೊತ್ತಿಲ್ಲವೇ? ಊರು ಮುಟ್ಟುವುದು ತಲೆಬುರುಡೆಯೊಂದೇ. ಜೀವಮಾನದಲ್ಲಿ ಮೊದಲ ಸಲ ಜನರೆದುರು ಕಿರುಚಿದೆ: "ಆಗಲ್ಲ! ಬೇಕಾದ್ರೆ ತಲೇನ ಟಾಪ್ ಮೇಲಿಡಿ, ಕಾಲು ಮಾತ್ರ ನನ್ನ ಜೊತೇಲೇ ಬರ್ಬೇಕು!"

ಇಡೀ ಬಸ್ಸು ನಕ್ಕಿತು. ಒಬ್ಬ ಅಜ್ಜಿ ಕಿಟಕಿಯತ್ತ ಸರಿದು, "ಬಾರಪ್ಪ, ಕೂತ್ಕೋ," ಎಂದು ಅಸ್ಥಿಪಂಜರಕ್ಕೇ ಸೀಟು ಕೊಟ್ಟರು. ನಾನು ನಿಂತೇ ಬಂದೆ.

ಅರ್ಧ ದಾರಿಯಲ್ಲಿ ಕಂಡಕ್ಟರ್ ಮೆಲ್ಲಗೆ ಅದರ ಪಾದ ಮುಟ್ಟಿದ. "ಸಂಜೆ ಆದ್ರೆ ನನಗೆ ಇಲ್ಲೇ ನೋವು ಮೇಡಂ. ಏನಿದು?"

"ಹಿಮ್ಮಡಿ ಮೂಳೆ."

"ಇನ್ನೊಂದು ಕಾಲಲ್ಲೂ ಅದೇ ಹೆಸರಾ?" ಎಂದರು ಅಜ್ಜಿ.

ಬಸ್ಸಿಳಿಯುವಷ್ಟರಲ್ಲಿ ಕೇಳಿದವರಿಗೆಲ್ಲ ಮೂಳೆಗಳ ಹೆಸರು ಹೇಳಿ ಹೇಳಿ ನನ್ನ ದನಿ ಬಿದ್ದುಹೋಗಿತ್ತು. ನಿಲ್ದಾಣದಲ್ಲಿ ಕಾಯುತ್ತಿದ್ದ ಮಕ್ಕಳಲ್ಲಿ ಒಬ್ಬರೂ ತಲೆಬುರುಡೆಯತ್ತ ನೋಡಲಿಲ್ಲ. ಎಲ್ಲರೂ ನೆಲಕ್ಕೆ ಬಗ್ಗಿದರು. ದಿನವೂ ಆರು ಕಿಲೋಮೀಟರ್ ನಡೆದು ಬರುವ ಹುಡುಗಿ ಎರಡು ಸಲ ಎಣಿಸಿದಳು.

"ಒಂದು ಪಾದಕ್ಕೆ ಇಪ್ಪತ್ತಾರಾ ಟೀಚರ್? ಇಷ್ಟೆಲ್ಲ ಹೊತ್ಕೊಂಡು ಬರ್ತಿದ್ದೀನಿ, ಸುಮ್ನೆ ಪುಸ್ತಕದ ಚೀಲ ಭಾರ ಅಂತಿದ್ದೆ!"

ಮರುದಿನ ಪೇಟೆಯ ಅದೇ ಶಾಲೆಯಿಂದ ಬಂದ ಪರೀಕ್ಷಕರು ಒಳಗೆ ಬಂದವರೇ ಅಭ್ಯಾಸಬಲದಿಂದ ಅದರ ಕೈಗೆ ಕೊಡೆ ನೇತುಹಾಕಿದರು. ಆ ಹುಡುಗಿ ಕೊಡೆ ತೆಗೆದು ಅವರ ಕೈಗೇ ಕೊಟ್ಟಳು.

"ಸರ್, ಮೊದ್ಲು ಪಾದ ಕೇಳಿ."

ಕೇಳಿದರು. ಈ ಸಲ ಯಾರೂ ತಮ್ಮ ಕಾಲು ನೋಡಿಕೊಳ್ಳಲಿಲ್ಲ.