ಜೀಪಿಗೆ ಕಟ್ಟಿದ ನೆರಳು

ಕನಕಪುರ ದಾಟಿ, ದೊಡ್ಡಆಲಹಳ್ಳಿಯನ್ನೂ ಹಿಂದೆ ಹಾಕಿ, ಎರಡು ಜೀಪುಗಳು ಒಣಹಳ್ಳದೊಳಕ್ಕೆ ಇಳಿದಾಗ ಹತ್ತು ಗಂಟೆಯಾಗಿತ್ತು. ಎರಡೂ ಕಡೆ ಎದ್ದುನಿಂತ ಬೋಳು ಬಂಡೆ, ನಡುವೆ ಕಾದ ಮರಳು. ಟೆಂಟು ಇಲ್ಲೇ ಎಂದು ಲೋಕೇಶ್ ಸಾರಿದ. ಅವನ ಹೆಂಡತಿ ಭಾನುಪ್ರಿಯ ಮೊದಲು ನೋಡಿದ್ದು ಮರೆಗೆ ಒಂದು ಪೊದೆಯಾದರೂ ಇದೆಯೇ ಎಂದು. ಇರಲಿಲ್ಲ.

ಈ ಪ್ರವಾಸಕ್ಕೆ ಅವನು ಎರಡು ತಿಂಗಳಿಂದ ತಯಾರಿ ನಡೆಸಿದ್ದ. ಹೂತ ಚಕ್ರ ಎತ್ತಲು ಹಲಗೆ, ಎಳೆಯಲು ಉಕ್ಕಿನ ಹಗ್ಗ, ಮಾಂಸಕ್ಕೆ ಐಸ್ ಪೆಟ್ಟಿಗೆ, ಹಾಡಿಗೆ ಸ್ಪೀಕರ್. ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಅವಳು ಹೋದ ವಾರವೇ ಕೇಳಿದ್ದಳು. ಅಷ್ಟು ದೊಡ್ಡ ಬಯಲಲ್ಲಿ ಜಾಗಕ್ಕೇನು ಬರ ಎಂದು ನಕ್ಕುಬಿಟ್ಟಿದ್ದ. ಈಗ ಆ ಬಯಲಿನ ಮೇಲೆ ಅವನ ಗೆಳೆಯ ಮಧುಕುಮಾರನ ಡ್ರೋನ್ ಕ್ಯಾಮೆರಾ ಗುಂಯ್‌ಗುಡುತ್ತ ಸುತ್ತುತ್ತಿತ್ತು.

ಅವಳಿಗಿದು ಹೊಸದಲ್ಲ. ದಿಬ್ಬಣದ ಬಸ್ಸು ಹತ್ತುವ ಮುಂಚೆ ನೀರು ಮುಟ್ಟಬೇಡ ಎಂದು ಅವ್ವ ಕಲಿಸಿದ್ದಳು. ಅಂದಿನಿಂದ ಬಾಯಿ ಒಣಗಿಸಿಕೊಂಡೇ ಊರೂರು ತಿರುಗಿದ್ದಳು. ಬೆಳಿಗ್ಗೆ ರಾಮನಗರದಲ್ಲಿ ಜೀಪು ಹತ್ತುವಾಗ ಹದಿಮೂರರ ಮಗಳು ಸಿರಿಗೂ ಅದನ್ನೇ ಹೇಳಿದ್ದಳು, ಚಪ್ಪಲಿ ಮರೀಬೇಡ ಎಂದಷ್ಟೇ ಸಲೀಸಾಗಿ.

ಮಧ್ಯಾಹ್ನ ಭಾನುಪ್ರಿಯ ಈರುಳ್ಳಿ ಹೆಚ್ಚುತ್ತಿದ್ದಾಗ ಸಿರಿ ವಾಂತಿ ಮಾಡಿಕೊಂಡಳು. ತುಟಿ ಬಿರಿದಿತ್ತು, ಮೈ ಸುಡುತ್ತಿತ್ತು. ಲೋಕೇಶ್ ಓಡಿ ಬಂದು ಗ್ಲೂಕೋಸ್ ಕಲಸಿ ಕೊಟ್ಟ. ಹುಡುಗಿ ಬಾಯಿ ಬಿಗಿಹಿಡಿದಳು.

"ಬ್ಯಾಡಮ್ಮ," ಎಂದಳು ತಾಯಿಯ ಕಿವಿಯಲ್ಲಿ. "ಕುಡುದ್ರೆ ಹೋಗ್ಬೇಕಾಯ್ತದೆ. ಮೇಲೆ ಅದು ಐತಲ್ಲ."

ಭಾನುಪ್ರಿಯಳಿಗೆ ಗಂಡನ ಮೇಲಿನ ಸಿಟ್ಟಿಗಿಂತ ತನ್ನ ನಾಲಿಗೆಯ ಮೇಲಿನ ಸಿಟ್ಟೇ ಹೆಚ್ಚಿತ್ತು. ಹೇಳಿದ ಮಾತನ್ನು ಮಗಳು ಎಷ್ಟು ಚೆನ್ನಾಗಿ ಪಾಲಿಸಿದ್ದಳು.

ಎದ್ದು ಗಂಡಸರ ಬಳಿ ಹೋದಳು. ಬಿಸಿಲು ತಾಗದಿರಲೆಂದು ಜೀಪುಗಳ ಮೇಲೆ ಎರಡು ದೊಡ್ಡ ಟಾರ್ಪಾಲು ಕಟ್ಟಿದ್ದರು. ಒಂದನ್ನು ಬಿಚ್ಚಿಕೊಡಿ, ಬಂಡೆಗೆ ಅಡ್ಡ ಮರೆ ಕಟ್ಟಬೇಕು ಎಂದಳು. ಸೀಟೆಲ್ಲ ಕಾದುಹೋಗುತ್ತೆ, ಹಾಗೇ ಬಂಡೆಯ ಹಿಂದಕ್ಕೆ ಕರೆದುಕೊಂಡು ಹೋಗು ಎಂದ ಲೋಕೇಶ್.

"ನಾವೆಲ್ಲ ಕಣ್ಮುಚ್ಕತೀವಿ ಬುಡಿ ಅತ್ಗೆ," ಎಂದ ಮಧುಕುಮಾರ್. ಗಂಡಸರು ನಕ್ಕರು.

"ನೀವು ಮುಚ್ಕಂಡ್ರೆ ಮೇಲಿಂದು ಮುಚ್ಕತದಾ? ಇಳಿಸಿ ಅದ." ಅವಳ ದನಿ ಏರಲಿಲ್ಲ. "ಜೀಪಿಗೆ ನೆರಳು ಬೇಕು ಅಂತ ನಿಮ್ಗೆ ಹೊಳೀತು. ಮೂರು ಹೆಣ್ಣು ಜೀವ ಜೊತೇಲಿ ಬತ್ತಾವೆ ಅಂತ ಒಬ್ರಿಗೂ ಹೊಳೀನಿಲ್ಲ."

ಅವಳೇ ಗಂಟಿಗೆ ಕೈ ಹಾಕಿದಳು. ಬಿಗಿ ಗಂಟು, ಉಗುರು ಕಿತ್ತುಬಂತು. ಅಷ್ಟರಲ್ಲಿ ಮಧುಕುಮಾರನ ಹೆಂಡತಿ ಚೈತ್ರಾ ಮಸಾಲೆ ಮೆತ್ತಿದ ಕೈಯಲ್ಲೇ ಎದ್ದು ಬಂದು, ಗಂಡನ ಮುಖ ನೋಡದೆ ಇನ್ನೊಂದು ತುದಿ ಬಿಚ್ಚತೊಡಗಿದಳು. ಇಬ್ಬರೂ ಟಾರ್ಪಾಲನ್ನು ಎಳೆದುಕೊಂಡು ಹೋಗಿ, ಎರಡು ಬಂಡೆಗಳ ನಡುವಿನ ಸಂದಿಗೆ ಮುಂದೆಯೂ ಮೇಲೆಯೂ ಮುಚ್ಚಿ ಬಿಗಿದರು. ಮಧುಕುಮಾರ್ ಡ್ರೋನನ್ನು ಕೆಳಗಿಳಿಸಿದ.

ಸಿರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು. ಭಾನುಪ್ರಿಯಳೂ ಒಂದು ಚೊಂಬು ಪೂರ್ತಿ ಎತ್ತಿ ಕುಡಿದಳು, ಸೆರಗೆಲ್ಲ ಒದ್ದೆಯಾಗುವಂತೆ.

ಒಂದು ಗಂಟೆ ಬಿಟ್ಟು ಲೋಕೇಶ್ ಹತ್ತಿರ ಬಂದ. ಮಗಳ ಹಣೆ ಮುಟ್ಟಿ ನೋಡಿ ನಿಡಿದಾಗಿ ಉಸಿರುಬಿಟ್ಟ. ಆಮೇಲೆ, ಸೀಟು ಕೂರಕ್ಕಾಗದಷ್ಟು ಕಾದೈತೆ, ಟಾರ್ಪಾಲು ಇನ್ನು ಬಿಚ್ಚಬಹುದಾ ಎಂದು ಮೆಲ್ಲಗೆ ಕೇಳಿದ.

"ನಾಳೆ ಹೊರಡೋಗಂಟ ಅಲ್ಲೇ ಇರ್ತದೆ," ಎಂದಳು ಭಾನುಪ್ರಿಯ. "ಒಸಿ ನಿಂತ್ಕಳಿ."