ತಟ್ಟೆ ಬಿದ್ದಾಗಿನ ನಗು

ಬೆಳಿಗ್ಗೆ ಒಗೆದ ಹೊದಿಕೆಯನ್ನು ಹಿಂಡುತ್ತಿದ್ದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಅಷ್ಟರಲ್ಲಿ ಕಿಟಕಿಯ ಮೇಲಿನ ರೇಡಿಯೋದಲ್ಲಿ ಅವಳ ಅಪ್ಪನ ದನಿ ಬಂತು. ಅವಳಿಗೆ ಹಾಲುಹಲ್ಲು ಮೂಡುವ ಹೊತ್ತಿಗೆ ಮನೆ ಬಿಟ್ಟವನು. ಹೋಗುವಾಗ ನಾವಿಬ್ಬರೂ ಕೂತು ಕಟ್ಟಿದ ಹಾಡುಗಳನ್ನು ಗಿಟಾರಿನ ಜೊತೆಗೇ ಹೊತ್ತು, ತನ್ನೊಬ್ಬನ ಹೆಸರಿನಲ್ಲಿ ಆಲ್ಬಂ ಮಾಡಿ ದೊಡ್ಡ ರಾಕ್ ಹಾಡುಗಾರನಾದವನು. ಅದರಲ್ಲಿ ಹೆಂಡತಿಯ ಪಾಲೂ ಇತ್ತಂತಲ್ಲ ಎಂದು ಸಂದರ್ಶನ ಮಾಡುತ್ತಿದ್ದವರು ಕೇಳಿದರು.

"ಅವಳಾ? ಪಕ್ಕದಲ್ಲಿ ಕೂತು ತಾಳ ಹಾಕ್ತಿದ್ಲು, ಅಷ್ಟೆ."

ಹೇಳಿ ನಕ್ಕ. ಮೂರು ಸಲ ಹಹಹ, ಕೊನೆಗೆ ಮೂಗಿನಲ್ಲಿ ಒಂದು ಎಳೆತ. ಹೊದಿಕೆ ನನ್ನ ಕೈ ಜಾರಿ ಮಣ್ಣಿಗೆ ಬಿತ್ತು. ಮತ್ತೆ ಒಗೆದೆ. ಒಗೆಯುತ್ತಲೇ ಹಾಡಿನ ಸಾಲು ಸಿಕ್ಕಿತು: ನಕ್ಕುಬಿಡೋ ಕಳ್ಳ, ನಿನ್ನ ಬಾಯಲ್ಲಿರೋದು ನನ್ನ ಬೆಲ್ಲ.

ಅಲ್ಲಿಂದ ಆಲ್ಬಂ ಶುರುವಾಯಿತು. ಪಾತ್ರೆ ತೊಳೆಯುವಾಗ ಅಡುಗೆಮನೆಯ ಶೆಲ್ಫಿನ ಮೇಲೆ ಫೋನಿಟ್ಟು, ಹೊಳೆದದ್ದನ್ನೆಲ್ಲ ಗುನುಗಿ ಹಿಡಿದಿಡುತ್ತಿದ್ದೆ. ಮಗಳು ಶಾಲೆಗೆ ಹೋದ ಮೇಲೆ ಸ್ಟುಡಿಯೋ. ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ, ಗೋಡೆಗೆಲ್ಲ ಹಳೆಯ ರಜಾಯಿ. ಕೆಳಗಿನ ಮೆಷಿನುಗಳು ಊಟಕ್ಕೆ ನಿಂತಾಗ ಮಾತ್ರ ಮೆಲ್ಲಗಿನ ಹಾಡು. ಗಟ್ಟಿ ಹಾಡಿಗೆ ಯಾವ ಹೊತ್ತಾದರೂ ಸರಿ. ನನ್ನವು ಹೆಚ್ಚಿನವು ಗಟ್ಟಿಯವೇ.

ರೆಕಾರ್ಡ್ ಮಾಡುವವನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಾರೆ. ಪಕ್ಕದ ಮನೆಯ ಫ್ಯಾನು ಕಿರುಗುಟ್ಟಿದರೂ ಅವನಿಗೆ ಹಾಡು ಕೆಟ್ಟ ಹಾಗೆ. ನನ್ನ ಹಾಡಿಗೆ ಆ ರೇಡಿಯೋ ನಗುವೇ ಬೇಕು ಎಂದೆ. ಬೇರೆಯವರ ನಗು ಕದ್ದು ಹಾಕಿದರೆ ಅವನಿಗೂ ನಿನಗೂ ಏನು ವ್ಯತ್ಯಾಸ, ಕೋರ್ಟಿಗೂ ಎಳೀತಾನೆ ಎಂದ. ಅದೂ ನಿಜವೇ. ಹಾಗಂತ ಬಿಡುವ ಮನಸ್ಸಿರಲಿಲ್ಲ.

ಆವತ್ತೇ ಸಂಜೆ ನಾನು ಫೋನಿಗೆ ಗುನುಗುತ್ತಿದ್ದಾಗ ಮಗಳ ಕೈಯಿಂದ ಸ್ಟೀಲ್ ತಟ್ಟೆ ಬಿತ್ತು. ಅದು ಬುಗುರಿಯಂತೆ ಸುತ್ತಿ ಸುತ್ತಿ ಕೂತದ್ದು ನೋಡಿ ಅವಳು ನಕ್ಕಳು. ಮೂರು ಹಹಹ, ಮೂಗಿನಲ್ಲಿ ಒಂದು ಎಳೆತ. ನನ್ನ ಕೈಯಲ್ಲಿನ ಸೋಪು ಹಾಗೇ ನಿಂತಿತು.

ಮರುದಿನ ಕಿವಿಯಣ್ಣ ಫೋನಿನಲ್ಲಿ ಸಿಕ್ಕಿದ್ದ ಆ ನಗು ಕೇಳಿ, ಹೆಡ್‌ಫೋನು ತೆಗೆದು ನನ್ನನ್ನೇ ನೋಡಿದ.

"ಇದು ಪಾಪುದಲ್ವೇನಮ್ಮ?"

"ದನಿ ಇಳಿಸಣ್ಣ. ಗಂಡಸಿನದು ಅನ್ನಿಸೋವರೆಗೂ ಇಳಿಸು."

ಇಳಿಸಿದ. ಬೇಡವೆನ್ನುವ ಮುಖ ಮಾಡಿಕೊಂಡೇ ಇಳಿಸಿದ. ತಟ್ಟೆಯ ಸದ್ದು ಚೆನ್ನಾಗಿದೆಯೆಂದು ಅದನ್ನೂ ಹಾಗೇ ಬಿಟ್ಟ.

ಆಲ್ಬಂ ಬಂತು. ಜನಕ್ಕೆ ಬೇರೆ ಹಾಡುಗಳೂ ಹಿಡಿಸಿದವು, ಆದರೆ ನಗುವಿನ ಹಾಡು ಬೆಂಕಿ ಹಿಡಿದ ಹಾಗೆ ಹಬ್ಬಿತು. ಅದು ಯಾರ ನಗು ಎಂದು ಹೇಳುವ ಅಗತ್ಯವೇ ಬೀಳಲಿಲ್ಲ, ಮಗಳ ಅಪ್ಪನದೇ ಎಂದು ಜನ ತಾವೇ ತಿಳಿದುಕೊಂಡರು. ವೇದಿಕೆಯಲ್ಲಿ ಆ ನಗು ಬಂದ ಕೂಡಲೇ ಜನ "ಥೂ ಕಳ್ಳ" ಎಂದು ಕೂಗುವುದು ರೂಢಿಯಾಯಿತು. ಮೊದಲ ಸಲ ಕೇಳಿದಾಗ ನನ್ನ ಹೊಟ್ಟೆ ಹಾಲು ಕುಡಿದಷ್ಟು ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಅವನು ಹೋದಲ್ಲೆಲ್ಲ ಪಡ್ಡೆಗಳು ಹಹಹ ಎಂದು ಅಣಕಿಸುತ್ತಾರಂತೆ. ಸಂದರ್ಶನಗಳಲ್ಲಿ ಈಗ ತುಟಿ ಬಿಚ್ಚದೆ ಮುಗುಳ್ನಗುತ್ತಾನಂತೆ.

ಒಂದು ದಿನ ಫೋನು ಮಾಡಿದ.

"ಅದು ನನ್ನ ನಗು ಅಲ್ಲ ಕಣೆ. ನನ್ನ ನಗು ನನಗೇ ಗೊತ್ತಿಲ್ವಾ?"

"ಮತ್ತೆ ನಿನಗ್ಯಾಕೆ ಉರಿ? ತಾಳ ಹಾಕೋಳು ಹಾಡಿದ್ದು, ಬಿಟ್ಟಾಕು."

ಫೋನಿಟ್ಟು ಆವತ್ತು ಇಡೀ ಮನೆ ಒರೆಸಿದೆ, ಹಾಡಿಕೊಂಡು.

ಮಗಳು ಮಾತ್ರ ಸುಮ್ಮನಾಗುತ್ತ ಬಂದಳು. ನಗು ಬಂದರೆ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಮುಂದಿನ ಹಲ್ಲು ಬಿದ್ದಿದೆ, ನಾಚಿಕೆ ಇರಬೇಕು ಎಂದುಕೊಂಡೆ. ಹೊಸ ಹಲ್ಲು ಬಂತು, ಕೈ ಇಳಿಯಲಿಲ್ಲ. ಶಾಲೆಯಲ್ಲಿ ಮಕ್ಕಳು ಆ ಹಾಡು ಹಾಡುತ್ತಾರಾ ಎಂದು ಕೇಳಿದರೆ, ಹೂಂ, ನಾನೂ ಹಾಡ್ತೀನಿ ಎಂದಳು, ನನ್ನ ಮುಖ ನೋಡದೆ.

ಇವತ್ತು ಬೆಳಿಗ್ಗೆ ಅವಳ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಒಲೆಯ ಹತ್ತಿರ ಇಟ್ಟಿದ್ದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಸುತ್ತಿತು, ಸುತ್ತಿ ಸುತ್ತಿ ಕೂತಿತು. ನಾನು ನಕ್ಕೆ. ಅವಳು ನಗಲಿಲ್ಲ. ಎರಡೂ ಕೈ ಬಾಯಿಯ ಮೇಲಿದ್ದವು. ಮೆಲ್ಲಗೆ ಬಿಡಿಸಿದೆ.

"ಅಮ್ಮ," ಎಂದಳು, "ಎಲ್ಲರೂ ಥೂ ಅಂತಾರಲ್ಲ, ಆ ನಗು ನಂದೇ ಅಲ್ವಾ?"